ಕೆಂಪು ಪೆನ್ನಿನ ಮೇಷ್ಟ್ರ ಊಟದ ಬಿಡುವು

ಎಲ್ಲಕ್ಕೂ ಕಾರಣ ಒಂದೇ ಒಂದು ಸಾಲು. ಐದು ಮಕ್ಕಳು ಬರೆದ ಐದೂ ಪ್ರಬಂಧಗಳು ‘ಮಾನವ ಹಕ್ಕುಗಳು ಮಾನವನಿಗೆ ಅತ್ಯಗತ್ಯ’ ಎಂದೇ ಶುರುವಾಗಿದ್ದವು. ಹಾಲಿನವನ ಚೀಟಿಯನ್ನೂ ಕೆಂಪು ಪೆನ್ನಿಲ್ಲದೆ ಓದದ ಭಾಷಾ ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಪಾಠದ ಕತೆಯೊಂದನ್ನು ಹಿಡಿದು ಹಕ್ಕುಗಳ ಬಗ್ಗೆ ಬರೆಯುವ ಸ್ಪರ್ಧೆ ಅದು. ಶಾಲೆಯಿಂದ ಒಂದೇ ಪ್ರಬಂಧ, ಅಂದೇ ನಾಲ್ಕು ಗಂಟೆಯೊಳಗೆ ಹೋಗಬೇಕು. ಈ ಸಲವೂ ಸಪ್ಪೆ ಪ್ರಬಂಧ ತಂದರೆ ಮುಂದಿನ ವರ್ಷದಿಂದ ಈ ಕೆಲಸ ಗಣಿತದ ಮೇಷ್ಟ್ರಿಗೆ ಎಂದು ಮುಖ್ಯೋಪಾಧ್ಯಾಯಿನಿ ಹೇಳಿಬಿಟ್ಟಿದ್ದರು.

ಮಕ್ಕಳು ಹಿಡಿದಿದ್ದ ಕತೆಯಲ್ಲಿನ ಅಡುಗೆಯವಳು ಮನೆಮಂದಿಗೆಲ್ಲ ಬಡಿಸಿ ತಾನು ಹಸಿದುಕೊಂಡೇ ಮಲಗುತ್ತಾಳೆ. “ಇಂಥದ್ದನ್ನ ನೀವು ಎಲ್ಲಾದ್ರೂ ಕಣ್ಣಾರೆ ನೋಡಿದೀರಾ? ಅದನ್ನ ಬರೀರಿ,” ಎಂದರು ಮೇಷ್ಟ್ರು.

ಅಷ್ಟರಲ್ಲಿ ಊಟದ ಗಂಟೆ ಹೊಡೆಯಿತು. ಬರೆದು ಮುಗಿಸುವ ತನಕ ಯಾರೂ ಏಳಕೂಡದೆಂದು ಅಪ್ಪಣೆ ಹೊರಡಿಸಿ, ಮೇಷ್ಟ್ರು ತಮ್ಮ ಡಬ್ಬಿ ಬಿಚ್ಚಿದರು. ಎರಡು ತುತ್ತು ಇಳಿಯುವಷ್ಟರಲ್ಲಿ ಗಣಿತದ ಮೇಷ್ಟ್ರು ಬಾಗಿಲಲ್ಲಿ ತಲೆ ಹಾಕಿ, ಹಕ್ಕುಗಳನ್ನು ಒಂದರಿಂದ ಹತ್ತರವರೆಗೆ ಪಟ್ಟಿ ಮಾಡಿಸಿ ಎಂದರು. ಹಿಂದೆಯೇ ಬಂದ ಡ್ರಿಲ್ ಮೇಷ್ಟ್ರು, ಕೊನೆಗೆ ಒಂದು ಘೋಷಣೆ ಇರಲಿ ಎಂದರು. ಮೂವರ ನಡುವೆ ಜಟಾಪಟಿ ನಡೆದು ಮುಗಿಯುವ ಹೊತ್ತಿಗೆ ನಾಲ್ಕು ಪ್ರಬಂಧಗಳಲ್ಲಿ ಪಟ್ಟಿಯೂ ಘೋಷಣೆಯೂ ಬಂದು ಕೂತಿದ್ದವು. ವರ್ಷವಿಡೀ ಬಾಯಿ ಬಿಡದೆ ‘ಮೌನಿ’ ಎಂದು ಹೆಸರಾದ ಹಿಂದಿನ ಬೆಂಚಿನ ಹುಡುಗಿ ಮಾತ್ರ ಯಾರ ಕಡೆಗೂ ಕಿವಿಗೊಡದೆ ಬರೆಯುತ್ತಿದ್ದಳು.

ಮೂರೂವರೆಗೆ ಮೇಷ್ಟ್ರು ಅವಳ ಹಾಳೆ ಹಿಡಿದರು. ‘ಅಡುಗೆಯವಳು ಬಡಿಸಿ ಹಸಿದಿದ್ದಳು. ನಾವು ಬಡಿಸದೆಯೇ ಹಸಿದಿದ್ದೇವೆ. ನಮ್ಮೆದುರು ಮೇಷ್ಟ್ರು ಊಟ ಮಾಡುತ್ತಿದ್ದಾರೆ. ಕತೆ ಓದಿದಾಗ ಆ ಮನೆಯ ಯಜಮಾನನ ಮೇಲೆ ಸಿಟ್ಟು ಬಂದಿತ್ತು. ಪಾಪ, ಅವನಿಗೆ ಗೊತ್ತೇ ಆಗಿರಲಿಲ್ಲವೇನೋ ಎಂದು ಈಗ ಅನ್ನಿಸುತ್ತಿದೆ.’

ಮೇಷ್ಟ್ರ ಕಿವಿ ಪೆನ್ನಿಗಿಂತ ಕೆಂಪಾಯಿತು. ಪೆನ್ನಿನ ಕ್ಯಾಪು ತೆಗೆದರು, ಮತ್ತೆ ಹಾಕಿದರು. ತಿದ್ದಲು ಒಂದಕ್ಷರವೂ ಇರಲಿಲ್ಲ. ನಾಚಿಕೆಯ ಜೊತೆಗೇ ಅವರಿಗೆ ಎಲ್ಲಿಲ್ಲದ ಸಂತೋಷವೂ ಆಯಿತು. ಉಳಿದ ನಾಲ್ಕರಲ್ಲಿ ಒಂದನ್ನು ಕೊಟ್ಟರೆ ಮಾನ ಉಳಿಯುತ್ತಿತ್ತು. ಅವರು ಮೌನಿಯದನ್ನೇ ಹಿಡಿದುಕೊಂಡು ಕಚೇರಿಗೆ ನಡೆದರು.

ಮುಖ್ಯೋಪಾಧ್ಯಾಯಿನಿ ಎರಡು ಸಲ ಓದಿ ಸಹಿ ಹಾಕಿದರು. ಪ್ರಬಂಧದ ಕೆಲಸ ಮುಂದೆಯೂ ನಿಮ್ಮದೇ ಎಂದರು. ಮೇಷ್ಟ್ರು ಉಸಿರು ಬಿಟ್ಟು ತಿರುಗುವಷ್ಟರಲ್ಲಿ ಮತ್ತೆ ಕರೆದರು.

“ನಾಳೆಯಿಂದ ಊಟದ ಬಿಡುವಲ್ಲಿ ಯಾವ ಮಗುವನ್ನೂ ಕೂರಿಸ್ಕೊಳ್ಳೋ ಹಾಗಿಲ್ಲ. ಗಂಟೆಯಿಂದ ಗಂಟೆವರೆಗೂ ಹನ್ನೆರಡು ಕೋಣೇನೂ ಸುತ್ತಿ ನೋಡೋ ಜವಾಬ್ದಾರಿ ನಿಮ್ಮದು. ನಿಮಗಿಂತ ಚೆನ್ನಾಗಿ ಇದು ಇನ್ಯಾರಿಗೆ ಅರ್ಥ ಆಗತ್ತೆ?”

ಹೊರಗೆ ಮೌನಿ ಕಾಯುತ್ತಿದ್ದಳು. ಮೇಷ್ಟ್ರು ಎಲ್ಲವನ್ನೂ ಹೇಳಿದರು.

“ಹಾಗಾದ್ರೆ ನೀವು ಊಟ ಮಾಡೋದು ಯಾವಾಗ ಸರ್?”

“ಅದೇ ಗೊತ್ತಾಗ್ತಿಲ್ಲ ಕಣಮ್ಮ.”

ಅವಳು ಕೆಂಪು ಪೆನ್ನಿಗಾಗಿ ಕೈ ಚಾಚಿದಳು.

“ನೀವೂ ಒಂದು ಪ್ರಬಂಧ ಬರೀರಿ ಸರ್. ಕಣ್ಣಾರೆ ನೋಡಿದ್ದನ್ನೇ ಬರೀಬೇಕು. ನಾನು ತಿದ್ದಿಕೊಡ್ತೀನಿ.”