ತಾರಾನಾಥನ ವಿಷಯ ವಿಚಾರಿಸಲು ಬಂದವರು

ತಾನು ಎರಡು ವರ್ಷದಿಂದ ದುಬೈಯಲ್ಲಿದ್ದೇನೆಂಬ ಸಂಗತಿ ತಾರಾನಾಥನಿಗೆ ತಿಳಿದದ್ದು ಇನ್ನಂಜೆಯ ಕೂಸಪ್ಪನ ಅಂಗಡಿಯಲ್ಲಿ, ಬೆಳಿಗ್ಗೆ ಎಂಟು ಗಂಟೆಗೆ, ಅಮ್ಮ ತರಹೇಳಿದ್ದ ಅವಲಕ್ಕಿ ಕಟ್ಟಿಸಿಕೊಳ್ಳುತ್ತಿದ್ದಾಗ.

"ನಿನ್ನೆ ನಿನ್ನ ವಿಷಯ ಕೇಳಲಿಕ್ಕೆ ಒಬ್ಬರು ಬಂದಿದ್ದರು," ಎಂದ ಕೂಸಪ್ಪ ದನಿ ತಗ್ಗಿಸಿ. "ನೀನೇನೂ ಹೆದರಬೇಡ. ನಾವು ಎಲ್ಲ ಚಂದ ಮಾಡಿ ಹೇಳಿದ್ದೇವೆ."

ಈ ಕಡೆ ಹೆಣ್ಣಿನವರು ನೇರ ಹುಡುಗನ ಮನೆಗೆ ಬರುವುದಿಲ್ಲ. ಮೊದಲು ಅಂಗಡಿಯಲ್ಲೊಂದು ಸೋಡಾ ಕುಡಿದು, ಮಾತಿನ ನಡುವೆ ಮೆಲ್ಲಗೆ ಹುಡುಗನ ಸುದ್ದಿ ತೆಗೆಯುತ್ತಾರೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಬೇರೆ ಊರಿನವರು ಬಾಯಲ್ಲಿ ಆಡಿ ಬಿಡುತ್ತಾರೆ, ಇನ್ನಂಜೆಯವರು ಪಾಲಿಸುತ್ತಾರೆ.

ತಾರಾನಾಥನ ಮುಖ ಅರಳಿತು. ಮಣಿಪಾಲದಲ್ಲಿ ಅವನ ಜತೆಗೇ ಸಂಶೋಧನೆ ಮಾಡುತ್ತಿದ್ದ ಕಾರ್ಕಳದ ಚೈತಾಲಿ, "ನಮ್ಮ ಸೋದರಮಾವ ಒಂದು ದಿನ ನಿಮ್ಮ ಊರಿಗೆ ಬಂದರೂ ಬಂದಾರು. ಅವರು ಒಪ್ಪಿದರೆ ಮನೆಯಲ್ಲಿ ಬೇರೆ ಯಾರೂ ಮಾತಾಡುವುದಿಲ್ಲ" ಎಂದು ಹೋದ ವಾರವಷ್ಟೇ ಹೇಳಿದ್ದಳು.

"ಎಂತ ಹೇಳಿದಿರಿ ಕೂಸಪ್ಪಣ್ಣ?"

"ದುಬೈಯಲ್ಲಿ ಆಯಿಲ್ ಕಂಪೆನಿ, ಎರಡು ವರ್ಷ ಆಯಿತು ಅಂತ. ಕಮ್ಯುನಿಸ್ಟರು ಹೋದ ಮೇಲೆ ಆ ದೇಶಗಳು ಎಂತಾದವು ಅಂತ ಹುಡುಗ ಓದುತ್ತಾ ಕೂತಿದ್ದಾನೆ ಹೇಳಿದರೆ ಯಾರು ಮಾರಾಯ ಹೆಣ್ಣು ಕೊಡುವುದು?"

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಚಂಪಕ್ಕ ಅಲ್ಲಿಂದಲೇ, "ಊರಿಗೆ ಬರುವುದು ವರ್ಷಕ್ಕೊಮ್ಮೆ, ಬರುವಾಗ ಅಮ್ಮನಿಗೆ ಚಿನ್ನ ತರುತ್ತಾನೆ ಅಂತ ನಾನು ಸೇರಿಸಿದೆ" ಎಂದಳು. ಇಪ್ಪತ್ತು ವರ್ಷ ಬಹ್ರೈನಿನಲ್ಲಿ ದುಡಿದು ಬಂದ ಲಿಯೋನೆಲ್ ಬೆಂಚಿನಲ್ಲಿ ಕುಳಿತಲ್ಲೇ ಮುಖದ ಮುಂದಿನ ಪೇಪರ್ ಇಳಿಸಿದರು. "ವೀಸಾ ರಿನ್ಯೂ ಆಗಿದೆ ಅಂತ ಹೇಳಿದ್ದು ನಾನು. ಆ ಪಾಯಿಂಟ್ ಇವರಿಗೆಲ್ಲಿ ಗೊತ್ತು!"

"ಬಂದವರು ಬರಿ ಕೇಳಿದರಾ?" ಎಂದು ತಾರಾನಾಥ ಕೇಳಿದ.

ತಾಯಿಯ ಕಡೆಯಿಂದ ಬರುವ ಬಳಗದ ಹೆಸರಿಗೆ ಇಲ್ಲಿ ಬರಿ ಎನ್ನುತ್ತಾರೆ. ಒಂದೇ ಬರಿಯವರು ಅಣ್ಣ ತಂಗಿಯರ ಲೆಕ್ಕ. ಹಾಗಾಗಿ ಹೆಣ್ಣಿನವರು ಸಂಬಳ ಕೇಳಲು ಮರೆತರೂ ಬರಿ ಕೇಳಲು ಮರೆಯುವುದಿಲ್ಲ.

ಕೂಸಪ್ಪ ತಲೆ ಕೆರೆದುಕೊಂಡ. "ಇಲ್ಲ. ನಿನ್ನ ಮೇಲೆ ಕೇಸು ಗೀಸು ಉಂಟಾ ಅಂತ ಕೇಳಿದರು. ಕಾಲಲ್ಲಿ ಕಂದು ಬೂಟು, ಕಂಕುಳಲ್ಲಿ ಫೈಲು."

ಅವಲಕ್ಕಿಯ ಪೊಟ್ಟಣ ಕೈ ಜಾರಿ ಬಿತ್ತು. ಬಂದದ್ದು ಸೋದರಮಾವನಲ್ಲ, ಪಾಸ್‌ಪೋರ್ಟ್ ವಿಚಾರಣೆಯ ಪೊಲೀಸ್.

ತಾರಾನಾಥನಿಗೆ ಬರ್ಲಿನ್ನಿನಲ್ಲಿ ಒಂದು ವರ್ಷ ಇದ್ದು ಓದುವ ಅವಕಾಶ ಸಿಕ್ಕಿತ್ತು. ಮೂರು ವರ್ಷ ಅರ್ಜಿ ಹಾಕಿ ಹಾಕಿ ಸಿಕ್ಕಿದ್ದು. ತಿಂಗಳ ಕೊನೆಯೊಳಗೆ ಪಾಸ್‌ಪೋರ್ಟ್ ನಂಬರು ಕಳಿಸದಿದ್ದರೆ ಆ ಜಾಗ ಬೇರೆಯವರ ಪಾಲು. ಕಣ್ಣು ಬಿದ್ದೀತೆಂದು ಅಮ್ಮ ಊರಲ್ಲಿ ಯಾರಿಗೂ ಹೇಳಗೊಟ್ಟಿರಲಿಲ್ಲ. ಎಡವಟ್ಟಾದದ್ದು ಅಲ್ಲಿಯೇ.

ಸಿಕ್ಕಿದ ಬಸ್ಸು ಹತ್ತಿ ಕಾಪುವಿನ ಠಾಣೆಗೆ ಓಡಿದ. ಹೆಡ್ ಕಾನ್‌ಸ್ಟೇಬಲ್ ಸಿದ್ದಣ್ಣ ಗದಗದ ಕಡೆಯವರು. ಹೆಸರು ಕೇಳಿದ್ದೇ ಹುಬ್ಬೇರಿಸಿದರು.

"ತಾರಾನಾಥ ಅಂದ್ರ ನೀವಾ? ನೀವು ದುಬೈದಾಗ ಅದೀರಲ್ರೀ!"

"ಸರ್, ನಾನು ನಿಮ್ಮ ಎದುರೇ ನಿಂತಿದ್ದೇನಲ್ಲ?"

"ಅದು ನನ್ನ ಕಣ್ಣಿಗೆ ಕಾಣಾಕತ್ತೈತಿ. ಆದ್ರ ಮೂರು ಮಂದಿ ದುಬೈ ಅಂದಾರ. ನೀವೊಬ್ರ ಇಲ್ಲೇ ಅದೀನಿ ಅಂತೀರಿ. ಮೂರು ದೊಡ್ಡದೋ, ಒಂದು ದೊಡ್ಡದೋ?" ಸಿದ್ದಣ್ಣ ಫೈಲಿನ ಮೇಲೆ ಬೆರಳೂರಿದರು. "ವೀಸಾ ಐತಿ ಅಂದ್ರ ಪಾಸ್‌ಪೋರ್ಟ್ ಐತಿ ಅಂತಾತು. ಒಂದು ಇಟ್ಕೊಂಡು ಇನ್ನೊಂದು ಕೇಳೂದು ತಪ್ಪಲ್ಲೇನ್ರೀ?"

ತಾರಾನಾಥ ಹೇಳಿದ್ದನ್ನೆಲ್ಲ ಕೇಳಿ ಕೊನೆಗೆ ಅವರ ಮನಸ್ಸು ಕರಗಿತು. "ಸಂಜಿ ನಾಕಕ್ಕ ಮತ್ತೊಮ್ಮೆ ಬರ್ತೀನಿ. ಅವರ ಬಾಯಿಂದನ ಖರೇ ಬರಬೇಕು. ನೀವು ಅಲ್ಲಿ ಇರಬ್ಯಾಡ್ರಿ. ಐದಕ್ಕ ಈ ಫೈಲು ಟಪಾಲಿಗೆ ಹೋಗ್ತೈತಿ, ನೆನಪಿರಲಿ."

ಹಿಂದಿರುಗುವ ಬಸ್ಸಿನಲ್ಲಿ ತಾರಾನಾಥನಿಗೆ ತನ್ನ ಪ್ರಬಂಧವೇ ನೆನಪಾಯಿತು. ಹಿಂದಿನ ಪೂರ್ವ ಜರ್ಮನಿಯಲ್ಲಿ ನೆರೆಕರೆಯವರು ಒಬ್ಬರ ಮೇಲೊಬ್ಬರು ಗುಪ್ತ ಪೊಲೀಸರಿಗೆ ವರದಿ ಒಪ್ಪಿಸುತ್ತಿದ್ದರು. ಆಡಳಿತ ಬಿದ್ದ ಮೇಲೆ ಕಡತಗಳು ತೆರೆದವು. ಜನ ತಮ್ಮ ತಮ್ಮ ಕಡತ ಓದಿ, ದಿನವೂ ನಗುತ್ತ ಮಾತಾಡಿಸುತ್ತಿದ್ದವರ ಹೆಸರು ಅದರಲ್ಲಿ ಕಂಡು ಕಂಗಾಲಾದರು. ಯಾಕೆ ಬರೆದರು ಎಂದು ಮಣಿಪಾಲದ ಪ್ರೊಫೆಸರರು ಕೇಳಿದಾಗಲೆಲ್ಲ ಇವನು ಭಯದಿಂದ, ಆಸೆಯಿಂದ ಎಂದು ಉತ್ತರಿಸುತ್ತಿದ್ದ. ಪ್ರೀತಿಯಿಂದಲೂ ಒಬ್ಬನನ್ನು ಮುಳುಗಿಸಬಹುದು ಎಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಕೂಸಪ್ಪನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಪ್ಪ ಸತ್ತ ವರ್ಷ ಮನೆಗೆ ಅಕ್ಕಿ ಬಂದದ್ದು ಅದೇ ಅಂಗಡಿಯಿಂದ.

ಮಧ್ಯಾಹ್ನ ಅವನು ಮೂವರನ್ನೂ ಕೂರಿಸಿ ಪಾಠ ಹೇಳಿದ. "ನಿನ್ನೆ ಬಂದದ್ದು ಪೊಲೀಸ್. ನಾಲ್ಕು ಗಂಟೆಗೆ ಠಾಣೆಯಿಂದ ಮತ್ತೆ ವಿಚಾರಣೆಗೆ ಬರುತ್ತಾರೆ. ಸತ್ಯ ಮಾತ್ರ ಹೇಳಿ. ನನಗೆ ಕೆಲಸ ಇಲ್ಲ. ಅಮ್ಮ ಬೀಡಿ ಕಟ್ಟಿ ಸಾಕುತ್ತಿದ್ದಾಳೆ. ಓದು ಇನ್ನೂ ಎರಡು ವರ್ಷ ಮುಗಿಯುವುದಿಲ್ಲ. ವಿದೇಶದ ಹೆಸರೇ ಎತ್ತಬೇಡಿ."

"ಬಂದವರ ಎದುರು ಹಾಗೆಲ್ಲ ಹೇಗೆ ಹೇಳುವುದು?" ಚಂಪಕ್ಕನ ಕಣ್ಣಲ್ಲಿ ನೀರು ಬಂತು. "ನಾಲಿಗೆ ಏಳಬೇಕಲ್ಲ!"

"ನನ್ನ ಮೇಲೆ ಪ್ರೀತಿ ಇದ್ದರೆ ಹೇಳಿ," ಎಂದು ತಾರಾನಾಥ ಕೈಮುಗಿದ.

ನಾಲ್ಕು ಹೊಡೆಯಿತು. ಮನೆಯ ಕಿಟಕಿಯಿಂದ ನೋಡಿದರೆ ತೆಂಗಿನ ಮರಗಳ ಆಚೆ ಅಂಗಡಿಯ ಮುಂದೆ ಒಂದು ಸ್ಕೂಟರ್ ನಿಂತದ್ದು ಮಾತ್ರ ಕಂಡಿತು. ಅರ್ಧ ಗಂಟೆಯ ಮೇಲೆ ಅದು ಹೊರಟುಹೋಯಿತು. ತಾರಾನಾಥ ಅಂಗಡಿಗೆ ಓಡಿದ. ಮೂವರೂ ಶವಸಂಸ್ಕಾರ ಮುಗಿಸಿ ಬಂದವರ ಹಾಗೆ ಕುಳಿತಿದ್ದರು.

"ಎಲ್ಲ ಹೇಳಿದೆವು," ಎಂದರು ಲಿಯೋನೆಲ್. "ಕೆಲಸ ಸಿಗುವ ಲಕ್ಷಣವೂ ಇಲ್ಲ ಅಂತ ನಾನೇ ಒತ್ತಿ ಹೇಳಿದೆ."

"ಅವರು ಒಂದು ನಿಟ್ಟುಸಿರು ಬಿಟ್ಟು ಹೋದರು ಮಾರಾಯ," ಎಂದ ಕೂಸಪ್ಪ.

ತಾರಾನಾಥನಿಗೆ ಹೋದ ಜೀವ ಬಂದಂತಾಯಿತು. ಐದೂಕಾಲಿಗೆ, ಸಿದ್ದಣ್ಣ ಠಾಣೆ ಮುಟ್ಟಿರಬಹುದೆಂದು, ಅಂಗಡಿಯ ಕಾಯಿನ್ ಫೋನಿಗೆ ಒಂದು ರೂಪಾಯಿ ಹಾಕಿ ಕರೆ ಮಾಡಿದ. "ಸರ್, ಬಂದು ಹೋದದ್ದಕ್ಕೆ ದೊಡ್ಡ ಉಪಕಾರವಾಯಿತು."

"ಎಲ್ಲಿ ಬಂದೀನ್ರೀ?" ಎಂದರು ಸಿದ್ದಣ್ಣ. "ಮಧ್ಯಾಹ್ನದಿಂದ ಉಚ್ಚಿಲದಾಗ ಬಂದೋಬಸ್ತ್ ಡ್ಯೂಟಿ ಹಾಕಿದ್ರು. ಈಗರ ಬಂದೆ. ನಿಮ್ಮ ಫೈಲು ಸಾಹೇಬ್ರು ಹೆಂಗಿತ್ತೋ ಹಂಗ ಐದರ ಟಪಾಲಿಗೆ ಕಳಿಸಿಬಿಟ್ಟಾರ."

ಫೋನು ಇಟ್ಟ ತಾರಾನಾಥ ಕೂಸಪ್ಪನ ಕಡೆ ತಿರುಗಿದ. ಕೇಳಲು ಹೆದರಿಕೆ, ಕೇಳದಿರಲೂ ಆಗದು.

"ಈಗ ಬಂದವರ ಕಾಲಲ್ಲಿ ಬೂಟು ಇತ್ತಾ?"

"ಇಲ್ಲಪ್ಪ. ಬಿಳಿ ಪಂಚೆ, ಚಪ್ಪಲಿ. ಕಾರ್ಕಳದವರಂತೆ. ನಿನ್ನೆಯವರಲ್ಲ, ಠಾಣೆಯ ಬೇರೆ ಯಾರೋ ಡ್ಯೂಟಿ ಮುಗಿಸಿ ಹಾಗೆಯೇ ಬಂದಿರಬೇಕು ಅಂದುಕೊಂಡೆವು." ಕೂಸಪ್ಪ ಸ್ವಲ್ಪ ಯೋಚಿಸಿದ. "ಮೊದಲು ನಿನ್ನ ಬರಿ ಯಾವುದು ಅಂತ ಕೇಳಿದರು. ಅದನ್ನೂ ಸರಿಯಾಗಿಯೇ ಹೇಳಿದೆವು."

ಸುಳ್ಳು ಸರಕಾರಕ್ಕೆ ಹೋಗಿತ್ತು, ಸತ್ಯ ಸೋದರಮಾವನಿಗೆ. ತಾರಾನಾಥ ಬೆಂಚಿನ ಮೇಲೆ ಕುಸಿದ. ಚಂಪಕ್ಕ ಏನೂ ಅರ್ಥವಾಗದೆ ಅವನಿಗೊಂದು ಸೋಡಾ ಒಡೆದುಕೊಟ್ಟಳು.

ಅಷ್ಟರಲ್ಲಿ ಫೋನು ಹೊಡೆಯಿತು. ಕೂಸಪ್ಪ ಎತ್ತಿ, ಕೇಳಿ, ರಿಸೀವರಿನ ಬಾಯನ್ನು ಅಂಗೈಯಿಂದ ಮುಚ್ಚಿ ತಾರಾನಾಥನತ್ತ ಬಾಗಿದ.

"ಕಾರ್ಕಳದಿಂದ ಚೈತಾಲಿಯಂತೆ. ನೀನು ಇದ್ದೀಯಾ ಅಂತ ಕೇಳುತ್ತಾಳೆ. ಸತ್ಯ ಹೇಳುವುದಾ, ದುಬೈ ಹೇಳುವುದಾ?"