ಸುಣ್ಣದ ಬೊಟ್ಟು

ಹೊಲ ಅಳೆಯುವವನಿಗೆ ದೆವ್ವಗಳ ಕಾಟ ತಪ್ಪಿದ್ದಲ್ಲ. ನಡುಮಧ್ಯಾಹ್ನ, ಸುತ್ತ ನರಪಿಳ್ಳೆಯೂ ಇಲ್ಲದ ಹೊತ್ತಿಗೇ ಅವು ಬರುವುದು. ಐವತ್ತರ ದಶಕದಲ್ಲಿ ನಾನು ಚಾಮರಾಜನಗರ, ಗುಂಡ್ಲುಪೇಟೆ ಕಡೆ ಮೋಜಣಿದಾರನಾಗಿದ್ದೆ. ಸರಪಳಿ ಹಿಡಿಯಲು ಜೊತೆಗೊಬ್ಬ ಮುದುಕ. ಅವನ ಎಲೆಅಡಿಕೆ ಚೀಲದ ಸುಣ್ಣದ ಡಬ್ಬಿಯೇ ನಮ್ಮ ಆಯುಧ. ದಾಟಿದ ಕಲ್ಲಿಗೆಲ್ಲ ಒಂದು ಬೊಟ್ಟು ಇಡಬೇಕು. ಬಂದ ದಾರಿಗೆ ತಿರುಗಬಾರದು. ಮುಂದೆ ದಾರಿ ಕಟ್ಟಿದರೆ ಮಾತ್ರ ಹಿಂದಿನ ಕವಲಿಗೆ ಬಂದು ಇನ್ನೊಂದು ದಾರಿ ಹಿಡಿಯಬೇಕು. ಹಾಗೆ ಹಿಂದಿರುಗದೆಯೂ ನಮ್ಮ ಬೊಟ್ಟು ನಮಗೇ ಎದುರಾದರೆ ಸುತ್ತು ಬಂದೆವೆಂದೇ ಅರ್ಥ.

೧

ಗುಂಡ್ಲುಪೇಟೆ ಆಚೆ, ಕಾಡಂಚಿನ ತೇಗದ ತೋಪು. ಅಡ್ಡಕ್ಕೂ ಉದ್ದಕ್ಕೂ ಒಂದೇ ಥರದ ದಾರಿಗಳು. ಮೂರು ಸಲ ನಮ್ಮದೇ ಬೊಟ್ಟು ಎದುರಾಯಿತು. ಒಂದು ಹಕ್ಕಿಯ ದನಿಯೂ ಇಲ್ಲ.

“ಮರುಳುಬಳ್ಳಿ ತುಳ್ದ್ಬುಟ್ಟೊ ಸ್ವಾಮಿ, ಅದ್ಕೇ ದಾರಿ ತಪ್ತಾ ಅದೆ. ಅಂಗಿ ಒಳಮಗ್ಗುಲು ಒರಗೆ ಮಾಡಿ ಆಕ್ಕಬೇಕು,” ಎಂದ ಮುದುಕ.

ಓದಿದವನಲ್ಲವೇ, ನಕ್ಕೆ. ನಾಲ್ಕನೇ ಸಲ ಬೊಟ್ಟು ಕಂಡಾಗ ಅಂಗಿ ಬಿಚ್ಚಿ ತಿರುವಿ ಹಾಕಿಕೊಂಡೆ. ದಾರಿಯೇನೋ ಸಿಕ್ಕಿತು. ರಸ್ತೆಯಲ್ಲಿ ಜೀಪಿನ ಪಕ್ಕ ನಿಂತಿದ್ದ ಸಾಹೇಬರು ನನ್ನ ಅಂಗಿ ನೋಡಿ, “ಬೇಗ ಒಂದು ಮದುವೆ ಮಾಡ್ಕೊಳ್ರಿ,” ಎಂದರು. ಆಗಲೇ ನನಗೆ ಎರಡು ಮಕ್ಕಳು.

೨

ಉಮ್ಮತ್ತೂರಿನಲ್ಲಿ ಬೊಟ್ಟಿಟ್ಟು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಎಲ್ಲ ಕಲ್ಲಿಗೂ ಮೂರೆಳೆ ವಿಭೂತಿ, ಮೇಲೊಂದು ಹೂವು! ಹೊಲದಲ್ಲಿ ಒಬ್ಬರೂ ಕಾಣಲಿಲ್ಲ. ಅಷ್ಟರಲ್ಲಿ ಬೇವಿನ ಮರದ ಹಿಂದಿನಿಂದ ಒಬ್ಬ ಅಜ್ಜ ಎದ್ದು ಬಂದ.

“ಸರ್ಕಾರವೇ ಬೊಟ್ಟಿಟ್ಟ ಮ್ಯಾಲೆ ನಾವು ಸುಮ್ಕಿರಕ್ಕಾಯ್ತದಾ ಬುದ್ಧಿ? ಮೊದ್ಲು ಆ ಮೆಟ್ಟು ಬುಡಿ.”

ಆ ದಿನ ಇಡೀ ಊರನ್ನು ಬರಿಗಾಲಲ್ಲಿ ಅಳೆದೆ.

೩

ಕುದೇರಿನ ಕಡೆ ಒಬ್ಬ ವಿಧವೆಗೆ ಇದ್ದದ್ದೇ ಒಂದು ತುಂಡು ಹೊಲ. ಸುತ್ತ ಊರಿನ ಯಜಮಾನನ ಹೊಲಗಳು. ಗಾಡಿ ಹೋಗಲು ಅವನು ಬಿಡ. ಎರಡು ವರ್ಷದಿಂದ ಹೊಲ ಬೀಳು. ಅವಳು ಅರಿಶಿನ ಬೀಸುವ ಕೂಲಿ ಮಾಡಿ ಬದುಕುತ್ತಿದ್ದಳು. ಅವನ ಹೊಲಗಳು ಒಂದಕ್ಕೊಂದು ಕೂಡಿ ಸುತ್ತು ಮುಚ್ಚಿವೆಯೆಂದು ನಾನು ಬರೆದುಕೊಟ್ಟರೆ ಅವಳಿಗೆ ಗಾಡಿದಾರಿ ಸಿಗುತ್ತಿತ್ತು.

“ಸುತ್ತೂ ಇಲ್ಲ, ಗಿತ್ತೂ ಇಲ್ಲ. ನೋಡ್ಕಳಿ,” ಎಂದ ಯಜಮಾನ. ಡಬ್ಬಿಯಲ್ಲಿ ಒಂದೇ ಬೊಟ್ಟಿಗಾಗುವಷ್ಟು ಸುಣ್ಣ ಉಳಿದಿತ್ತು; ಅದನ್ನು ಅವನೆದುರಿಗೇ ಮೊದಲ ಕಲ್ಲಿಗೆ ಇಟ್ಟು ಹೊರಟೆವು.

ತಲೆ ಮೀರಿದ ಜೋಳ. ಅವನ ಹೊಲದಿಂದ ಅವನದೇ ಪಕ್ಕದ ಹೊಲಕ್ಕೆ, ಅವಳ ಹೊಲವನ್ನು ಎಡಕ್ಕಿಟ್ಟುಕೊಂಡು ನಡೆದೆವು. ಹಿಂದೆ ಯಾರೋ ನಡೆಯುವ ಸದ್ದು. ನಾವು ನಿಂತರೆ ಅದೂ ನಿಲ್ಲುತ್ತಿತ್ತು. ಮುದುಕ ಗೊತ್ತಿದ್ದ ದೇವರನ್ನೆಲ್ಲ ಕರೆದ. ಕೊನೆಗೆ ಹೊರಟ ಕಲ್ಲು ಬಂತು. ಬೊಟ್ಟೇ ಇಲ್ಲ!

“ನೀವು ಒಂಟಿದ್ದು ಈ ಕಲ್ಲಲ್ಲ ಸ್ವಾಮಿ, ಜ್ವಾಳದಲ್ಲಿ ದಾರಿ ತಪ್ಪುದ್ರಿ,” ಎಂದು ಯಜಮಾನ ಪಕ್ಕದ ಬದುವಿನಿಂದ ನಕ್ಕ. ನನಗೂ ಅನುಮಾನ ಬಂತು. ಜೋಳದೊಳಗೆ ಎಲ್ಲ ಕಲ್ಲೂ ಒಂದೇ.

ಆಗ ಹಿಂದಿನ ಸಾಲು ಸರಿಯಿತು. ಆ ಹೆಂಗಸು! “ನೀವೂ ಅವರ್ ಕಡೀಕೆ ಸೇರ್ಕಬುಟ್ಟೀರಿ ಅಂತ ನಿಮ್ ಇಂದಿಂದೇನೇ ಬಂದೆ ಸ್ವಾಮಿ.” ಮುದುಕನ ತಂಬಿಗೆಯ ನೀರಿನಲ್ಲಿ ಅರಿಶಿನ ಮೆತ್ತಿದ ಅಂಗೈ ನೆನೆಸಿ ಕಲ್ಲನ್ನು ಉಜ್ಜಿದಳು. ಕಲ್ಲು ಹಳದಿಯಾಯಿತು. ಬೊಟ್ಟಿಟ್ಟಿದ್ದ ಜಾಗ ಮಾತ್ರ ಕೆಂಪಗೆ ಒಸರಿತು.

ಒರೆಸಿದ ಸುಣ್ಣ ಅರಿಶಿನಕ್ಕೆ ಕೆಂಪಾಗಿದ್ದು. ನನಗೆ ತಿಳಿಯಿತು, ಮುದುಕನಿಗೂ ತಿಳಿಯಿತು. ಯಜಮಾನನಿಗೆ ಆ ಗಳಿಗೆಯಲ್ಲಿ ತಿಳಿಯಲಿಲ್ಲ. ಓಡಿ ಬಂದು ಕಲ್ಲನ್ನು ಕೈಯಿಂದ ಒರೆಸಿದ. ಸುಣ್ಣ ಅಂಟಿದ್ದ ಅವನ ಬೆರಳೂ ಕೆಂಪಾಯಿತು.

“ಅಯ್ಯಯ್ಯೋ, ಕಲ್ಲು ರಕ್ತ ಕಾರ್ತದೆ! ದಾರಿ ಬುಡ್ತೀನಿ ಕಣಮ್ಮಿ, ಎಲ್ಡು ಗಾಡಿ ಓಗೋವಷ್ಟು ಬುಡ್ತೀನಿ!”

ನಾವ್ಯಾರೂ ತಿದ್ದಲಿಲ್ಲ. ಅಲ್ಲೇ ಬರೆಸಿಕೊಂಡೆ. ಮಾರನೇ ವರ್ಷ ಆ ಕಡೆ ಹೋದಾಗ ಗಾಡಿದಾರಿ ಸವೆದಿತ್ತು, ಅವಳ ಹೊಲದಲ್ಲಿ ರಾಗಿ ನಿಂತಿತ್ತು. ಯಜಮಾನ ಪ್ರತಿ ಸೋಮವಾರ ಆ ಕಲ್ಲಿಗೆ ಹೂವು, ಹಣ್ಣು, ಕಾಯಿ ಎಲ್ಲ ಇಟ್ಟು ಪೂಜೆ ಮಾಡಿಸುತ್ತಾನಂತೆ. ಅರಿಶಿನ ಮಾತ್ರ ಯಾರೂ ಹತ್ತಿರ ತರುವ ಹಾಗಿಲ್ಲವಂತೆ.