ನಾಲ್ಕು ಗೃಹಪ್ರವೇಶ ಕಂಡ ಕೋಟೆ

ನಾನು ಸಿಟ್ಟಿನ ಮನುಷ್ಯನಲ್ಲ ಎಂದು ಯಾರೆದುರಾದರೂ ಹೇಳಿಕೊಂಡರೆ ಪಕ್ಕದ ಕೋಣೆಯಿಂದ ನನ್ನ ಹೆಂಡತಿ ಕೆಮ್ಮುತ್ತಾಳೆ. ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಸಿಟ್ಟಿದೆ. ಪುಸ್ತಕ ಓದದವರ ಮೇಲಲ್ಲ, ನನ್ನ ಪುಸ್ತಕ ಓದದವರ ಮೇಲೆ. ಅಂಥವರು ಭೂಮಿಯ ಮೇಲೆ ಬಹಳ ಜನ ಇರುವುದರಿಂದ ಸಿಟ್ಟೂ ಬಹಳವೇ ಇದೆ.

ನಾನು ಚರಿತ್ರೆಕಾರ. ಧಾರವಾಡದಲ್ಲಿ ಓದಿ, ಸಿಡ್ನಿಗೆ ಬಂದು ನೆಲೆಸಿ, ಕೆನಡಾದ ಮೂಡಣ ತುದಿಯಲ್ಲಿ ಫ್ರೆಂಚರು ಕಟ್ಟಿದ ಲೂಯಿಸ್‌ಬರ್ಗ್ ಎಂಬ ಕೋಟೆಪಟ್ಟಣದ ಬಗ್ಗೆ ಮೂವತ್ತು ವರ್ಷ ಬರೆದವನು. ಎಲ್ಲಿಯ ಧಾರವಾಡ, ಎಲ್ಲಿಯ ಕೆನಡಾ ಎಂದು ನೀವು ಕೇಳುತ್ತೀರಿ, ಗೊತ್ತು. ನಾವಿರುವ ಕ್ವೇಕರ್ಸ್ ಹಿಲ್ ಬಡಾವಣೆಯಲ್ಲಿ ಎಲ್ಲರೂ ಕೇಳಿ ಆಗಿದೆ. ನಮ್ಮ ಕನ್ನಡ ಬಳಗದ ಅಧ್ಯಕ್ಷರಂತೂ ಮೈಕಿನಲ್ಲೇ ಕೇಳಿದರು: "ಸರ್, ನಮ್ಮ ಕಿತ್ತೂರು ಬಿಟ್ಟು ಅಲ್ಲಿಗ್ಯಾಕೆ ಹೋದ್ರಿ? ಕಿತ್ತೂರಿನ ಮೇಲೆ ಬರೆದಿದ್ರೆ ಇವತ್ತು ಹಾಲ್ ಫುಲ್ ಆಗ್ತಿತ್ತು." ಹಾಲ್ ಖಾಲಿ ಇದ್ದದ್ದು ಫ್ರೆಂಚರಿಂದಲ್ಲ, ಹೊರಗೆ ಬಿಸಿಬೇಳೆಬಾತ್ ಬಂದಿದ್ದರಿಂದ ಎಂದು ಹೇಳಬೇಕೆನಿಸಿತು. ಆದರೆ ಹೆಗಲ ಮೇಲೆ ಅವರೇ ಹೊದಿಸಿದ ಶಾಲು ಇತ್ತು.

ನಿಜ ಹೇಳಬೇಕೆಂದರೆ ಆ ಊರು ನನಗೆ ಸಿಕ್ಕಿದ್ದೇ ಅದರ ಗಾರೆಯಿಂದ. ಸಮುದ್ರದ ಮಂಜಿಗೆ ಅಲ್ಲಿ ಗಾರೆ ಒಣಗುತ್ತಲೇ ಇರಲಿಲ್ಲ. ಕಟ್ಟಿದ ಗೋಡೆ ಉದುರುವುದು, ಎಂಜಿನಿಯರುಗಳು ರಾಜನಿಗೆ ಹೊಸ ನೆಪ ಬರೆಯುವುದು, ಮತ್ತೆ ಕಟ್ಟುವುದು. ಆ ನೆಪಗಳನ್ನು ಓದುತ್ತ ಓದುತ್ತ ನಮ್ಮೂರ ಕಂತ್ರಾಟುದಾರರ ನೆನಪಾಗಿ, ಇದು ನಮ್ಮದೇ ಊರು ಅನ್ನಿಸಿಬಿಟ್ಟಿತು. ಗಾರೆಯ ಮೇಲೆಯೇ ಎರಡು ಅಧ್ಯಾಯ ಬರೆದೆ. ಆ ಎರಡು ಅಧ್ಯಾಯ ಓದಿ ಯಾರಾದರೂ ಒಂದು ಮಾತು ಆಡಲಿ ಎಂದು ಕಾದಷ್ಟು ನಾನು ಈ ದೇಶದಲ್ಲಿ ಕಾಯಂ ನೆಲೆಸಲು ಬೇಕಾದ ಪಿಆರ್‌ಗೂ ಕಾಯಲಿಲ್ಲ.

ಕಾದು ಪ್ರಯೋಜನವಿಲ್ಲವೆಂದು ತಿಳಿದ ಮೇಲೆ ಪುಸ್ತಕವನ್ನು ನಾನೇ ಹಂಚತೊಡಗಿದೆ. ನಮ್ಮ ಜನ ಮಾರ್ಟ್‌ಗೇಜ್ ಸಿಕ್ಕ ಕೂಡಲೇ ಹಾಲು ಉಕ್ಕಿಸುತ್ತಾರೆ. ಪಕ್ಕದ ದಿ ಪಾಂಡ್ಸ್ ಬಡಾವಣೆಯಲ್ಲಿ ಒಂದು ಶನಿವಾರವೂ ಗೃಹಪ್ರವೇಶವಿಲ್ಲದೆ ಹೋಗುವುದಿಲ್ಲ. "ಎಲ್ಲಾರೂ ಕುಕ್ಕರ್ ಕೊಡ್ತಾರ, ನಾವೂ ಕುಕ್ಕರ್ ಕೊಡೂಣು" ಎಂದಳು ಹೆಂಡತಿ. ನಾನು ಕೇಳಲಿಲ್ಲ. ಹೊಸ ಮನೆಗೆ ಒಂದು ಊರು ಕಟ್ಟಿದ ಕಥೆಗಿಂತ ಒಳ್ಳೆಯ ಮುಯ್ಯಿ ಯಾವುದು? ಮೊದಲು ಸಿಕ್ಕವನು ಪ್ರಕಾಶ, ದಾವಣಗೆರೆಯವನು, ವಿದ್ಯಾರ್ಥಿಯಾಗಿ ಬಂದು ಈಗ ಐಟಿಯಲ್ಲಿರುವವನು. ಮೊದಲ ಪುಟದಲ್ಲಿ ನೀಲಿ ಶಾಯಿಯಿಂದ ಬರೆದುಕೊಟ್ಟೆ: "ಪ್ರಕಾಶ ದಂಪತಿಗಳಿಗೆ, ನಿಮ್ಮ ಗೋಡೆಗಳು ಗಟ್ಟಿಯಾಗಿರಲಿ." ಆಮೇಲೆ ಅವನ ಮನೆಗೆ ಹೋದಾಗಲೆಲ್ಲ ಕಪಾಟಿನ ಕಡೆಗೇ ನನ್ನ ಕಣ್ಣು. "ಮೇಲಿನ ರೂಮಲ್ಲಿದೆ ಸರ್, ಓದ್ತಾ ಇದೀನಿ" ಎನ್ನುತ್ತಿದ್ದ. ಮೂರು ವರ್ಷ ಓದುತ್ತಲೇ ಇದ್ದ.

ಮೊನ್ನೆ ಮೆಲ್ಬರ್ನಿಗೆ ಹೋದೆವು. ಬೆಳಗಾವಿಯ ಸಂಜೀವ ಅಲ್ಲಿ ಮನೆ ಕಟ್ಟಿಸಿದ್ದ. ಗೃಹಪ್ರವೇಶದ ದಿನ ನನಗೆ ಜ್ವರವಿದ್ದುದರಿಂದ ಒಂದು ತಿಂಗಳು ತಡವಾಗಿ, ಆದರೆ ಹೊಸ ಪ್ರತಿಯೊಂದಿಗೆ ಹೋಗಿದ್ದೆವು. ಕಟ್ಟು ಬಿಚ್ಚಿದ ಸಂಜೀವನ ಮುಖ ಪೆಚ್ಚಾಯಿತು. ಅವನ ತಾಯಿ ಗಂಗಕ್ಕ ಬೆಳಗಾವಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರಿಗೆ ಮುಚ್ಚುಮರೆ ಬರುವುದಿಲ್ಲ. "ಇನ್ನೊಂದ್ ಯಾಕ ತಂದ್ರಿ ಸರ್? ನಮ್ಮಲ್ಲಿ ಒಂದು ಐತಲ್ರೀ!" ಎಂದು ಒಳಗೆ ಹೋಗಿ ತಂದೇಬಿಟ್ಟರು.

ನನ್ನದೇ ನೀಲಿ ಶಾಯಿ. ಪ್ರಕಾಶನ ಹೆಸರಿಗೆ ಕಾಟು ಹಾಕಿ ನಾಗರಾಜ ದಂಪತಿಗಳು, ಅದಕ್ಕೆ ಕಾಟು ಹಾಕಿ ಮಹೇಶ ದಂಪತಿಗಳು, ಅದಕ್ಕೂ ಕಾಟು ಹಾಕಿ ಸಂಜೀವ ದಂಪತಿಗಳು. ಹಾರೈಕೆಯನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ನಾಲ್ಕು ಮನೆಗಳ ಗೋಡೆಯೂ ನನ್ನೊಬ್ಬನ ಶಾಯಿಯಲ್ಲೇ ಗಟ್ಟಿಯಾಗಿತ್ತು. ಈ ಜನಕ್ಕೆ ನಾಚಿಕೆಯಾದರೂ ಬೇಡವೇ? ಕುಕ್ಕರನ್ನು ಹೀಗೆ ದಾಟಿಸಿದರೆ ಒಪ್ಪಬಹುದು. ಇದು ಒಬ್ಬ ಮನುಷ್ಯನ ಮೂವತ್ತು ವರ್ಷ!

"ನಾ ಪೂರಾ ಓದೇನ್ರೀ" ಎಂದರು ಗಂಗಕ್ಕ.

ಸಿಟ್ಟೆಲ್ಲ ಒಂದೇ ಕ್ಷಣಕ್ಕೆ ಇಳಿದುಹೋಯಿತು. ಪುಟಪುಟಕ್ಕೂ ಪೆನ್ಸಿಲ್ ಗುರುತು! ನಾನು ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕುಳಿತೆ.

"ಗಾರಿ ಬಗ್ಗೆ ಭಾಳ ಛಂದ ಬರದೀರಿ. ಆದರ ಸರ್, ಊರು ಅಂತೀರಿ. ಊರಾಗ ಯಾರೂ ಉಣ್ಣಂಗಿಲ್ಲೇನ್ರೀ? ಯಾರೂ ಅರಿವಿ ಒಗಿಯಂಗಿಲ್ಲೇನು?"

"ಅದು ನನ್ನ ವಿಷಯದ ವ್ಯಾಪ್ತಿಗೆ..." ಎಂದು ಶುರುಮಾಡಿದೆ.

"ನಾಕನೂರು ಪುಟದಾಗ ಒಬ್ಬಾಕಿ ಹೆಣ್ಮಗಳು ಬರತಾಳ. ಕೋಟಿಗೆ ಮುತ್ತಿಗಿ ಬಿದ್ದಾಗ ಬಕೀಟು ಹಿಡಕೊಂಡು ಬೆಂಕಿ ಆರಿಸಾಕ ಬರತಾಳ, ಮುಂದಿನ ಸಾಲಿನಾಗ ಗುಂಡು ಬಿದ್ದು ಸಾಯತಾಳ. ಕಲ್ಲು ತಂದ ಹಡಗಿಗೆಲ್ಲಾ ಹೆಸರು ಕೊಟ್ಟೀರಿ. ಆಕಿ ಹೆಸರೇನ್ರೀ?"

"ದಾಖಲೆಯಲ್ಲಿ ಸಿಕ್ಕಿಲ್ಲ."

"ಸಿಗಲಿಲ್ಲೋ, ಹುಡುಕಲಿಲ್ಲೋ?"

ಎಷ್ಟೋ ವಿಚಾರ ಸಂಕಿರಣಗಳಲ್ಲಿ ಎದುರಾಳಿಗಳ ಬಾಯಿ ಮುಚ್ಚಿಸಿದ್ದೇನೆ. ಆ ಹೊತ್ತಿಗೆ ಮಾತ್ರ ತಟ್ಟೆಯಲ್ಲಿದ್ದ ಚಕ್ಕಲಿ ಬಹಳ ಗಟ್ಟಿಯಾಗಿದೆ ಎಂಬಂತೆ ಅಗಿಯುತ್ತಲೇ ಇದ್ದೆ. ಹೊರಡುವಾಗ ಗಂಗಕ್ಕ ಹೊಸ ಪ್ರತಿಯನ್ನು ನನ್ನ ಹೆಂಡತಿಯ ಕೈಗಿಟ್ಟು, "ಯಾರರ ಹೊಸಾ ಮನಿ ಮಾಡಿದ್ರ ಕೊಡಾಕ ಬರತೈತ್ರೀ" ಎಂದರು.

ಸಿಡ್ನಿಯ ವಿಮಾನದಲ್ಲಿ ನಾನು ಕುದಿಯುತ್ತಿದ್ದೆ. ಗಣಿತದವರಿಗೆ ಚರಿತ್ರೆಯ ಕಷ್ಟ ಏನು ಗೊತ್ತು? ಓದದೆ ಇದ್ದವರೇ ವಾಸಿ. ಪ್ರಕಾಶ ಎಂಥ ಮರ್ಯಾದಸ್ಥ! ಹೆಂಡತಿ ಆ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ತಿರುವುತ್ತಿದ್ದವಳು ಮೆಲ್ಲಗೆ ಅಂದಳು: "ನಿಮ್ಮ ಪುಸ್ತಕ ಟೈಪ್ ಮಾಡೂ ಮುಂದ ನಾನೂ ಇದನ್ನ ಕೇಳಿದ್ದೆ. ಆಕಿ ಹೆಸರೇನು ಅಂತ."

"ನಾ ಏನಂದೆ?"

"ಒಂದ್ ಕಪ್ ಚಹಾ ಅಂದ್ರಿ."

ಆಮೇಲೆ ಕೃತಜ್ಞತೆಯ ಪುಟ ತೆಗೆದು ನನ್ನ ಕಡೆ ತಿರುಗಿಸಿದಳು. ಮೂರು ದೇಶಗಳ ದಾಖಲೆಪಾಲಕರ ಹೆಸರಿತ್ತು. ನಕ್ಷೆ ಬರೆದುಕೊಟ್ಟವರ ಹೆಸರಿತ್ತು. ಕೆಟ್ಟುನಿಂತ ಮೈಕ್ರೋಫಿಲ್ಮ್ ಯಂತ್ರವನ್ನು ರಿಪೇರಿ ಮಾಡಿದವನ ಹೆಸರೂ ಇತ್ತು. ಕೊನೆಯ ಸಾಲು: "ಮತ್ತು ನನ್ನ ಹೆಂಡತಿಗೆ." ಅವಳು ಪುಸ್ತಕ ಮುಚ್ಚಿ ಕಿಟಕಿಯ ಹೊರಗೆ ನೋಡತೊಡಗಿದಳು.

ನನಗೆ ಬಹಳ ಕೆಟ್ಟದೆನಿಸಿತು. ಕೆಟ್ಟದೆನಿಸಿದರೆ ನನಗೆ ಬರೆಯುವುದೊಂದೇ ಗೊತ್ತು; ಮನೆಗೆ ಬಂದವನೇ ಇದನ್ನು ಬರೆಯಲು ಕುಳಿತೆ. ಬರೆದು, ಮೇಲಿನಿಂದ ಒಮ್ಮೆ ಓದಿಕೊಂಡೆ. ಪ್ರಕಾಶನ ಹೆಸರಿದೆ, ಸಂಜೀವನ ಹೆಸರಿದೆ, ಪುಸ್ತಕ ದಾಟಿಸಿದ ನಾಗರಾಜ, ಮಹೇಶರ ಹೆಸರೂ ಇದೆ. ಇವಳು ಮಾತ್ರ ಮೊದಲ ಸಾಲಿನಲ್ಲೇ ಬಂದು, ಕೆಮ್ಮಿ, ಇಲ್ಲಿಯವರೆಗೂ "ನನ್ನ ಹೆಂಡತಿ"ಯಾಗಿಯೇ ಉಳಿದಿದ್ದಾಳೆ.

ಅವಳ ಹೆಸರು ಸುಮಿತ್ರಾ. ಹುಡುಕಲು ಯಾವ ದಾಖಲೆಯೂ ಬೇಕಾಗಲಿಲ್ಲ.